ಒಗೆಕಟ್ಟೆಯಲ್ಲಿ ಕೂರುವ ಜಾಗ

ಒಗೆಕಟ್ಟೆಯ ಮಾಡಿನ ಒಂದು ಮೂಲೆ ಕುಸಿದದ್ದು ಮಳೆಗಾಲ ಮುಗಿಯುತ್ತ ಬಂದಾಗ. ಯಾರಿಗೂ ಪೆಟ್ಟಾಗಲಿಲ್ಲ. ಪೆಟ್ಟಾಗಬೇಕಾದರೆ ಅಲ್ಲಿ ಯಾರಾದರೂ ಇರಬೇಕಲ್ಲ! ಮನೆಮನೆಗೆ ನಲ್ಲಿ ಬಂದ ಮೇಲೆ ಊರಿನವರು ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಇಳಿಜಾರಿನಲ್ಲಿ ಉದ್ದಕ್ಕೆ ಚಾಚಿಕೊಂಡ ಹಂಚಿನ ಮಾಡು, ಹಿಂಬದಿಗೆ ಒಂದು ಗೋಡೆ, ಉಳಿದ ಮೂರು ಕಡೆ ಬಯಲು. ನಡುವೆ ಉದ್ದನೆಯ ಕಲ್ಲಿನ ತೊಟ್ಟಿ, ಅದರ ಎರಡೂ ಬದಿಗೆ ಓರೆಯಾಗಿ ಕೂರಿಸಿದ ಒಗೆಯುವ ಕಲ್ಲುಗಳು. ಮೇಲಿನ ಗುಡ್ಡದ ಚಿಲುಮೆಯಿಂದ ಕಲ್ಲುಕಾಲುವೆಯಲ್ಲಿ ನೀರು ಹರಿದು ಬರುತ್ತಿದ್ದ ಕಾಲದಲ್ಲಿ ಇಡೀ ಊರಿನ ಬಟ್ಟೆ ಅಲ್ಲೇ ಬೆಳ್ಳಗಾಗುತ್ತಿತ್ತು. ಈಗ ತೊಟ್ಟಿಯ ತುಂಬ ಹೂಳು, ಹೂಳಿನ ಮೇಲೆ ಹುಲ್ಲು, ಹುಲ್ಲಿನ ಮೇಲೆ ಯಾರದೋ ಮೇಕೆ.

ಆ ತಿಂಗಳ ಪಂಚಾಯಿತಿ ಸಭೆಯಲ್ಲಿ ವಿಷಯ ಬಂತು. ಅಧ್ಯಕ್ಷರು ಊರಿನ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ಕುರ್ಚಿ ಬದಲಾದರೂ ಗಂಟಲು ಬದಲಾಗಿರಲಿಲ್ಲ. ಎದುರು ಕೂತವರೊಡನೆ ಮಾತಾಡಿದರೂ ಮೈದಾನದ ಆಚೆ ತುದಿಗೆ ಕೂಗಿದ ಹಾಗಿರುತ್ತಿತ್ತು. ಊರಿನವರಿಗೂ ಅವರು ಅಧ್ಯಕ್ಷರಲ್ಲ, ಮೇಷ್ಟ್ರೇ.

"ಕೆಡವಿ ಜಾಗ ಸಮ ಮಾಡಿಬಿಡೋಣ," ಎಂದರು ಮೇಷ್ಟ್ರು. "ಬಸ್ಸು ತಿರುಗೋಕೆ ಅನುಕೂಲ ಆಗುತ್ತೆ. ಈಗ ಅದು ಹಿಂದೆ ಬಂದು ಬಂದು ಪೋಸ್ಟಾಫೀಸಿನ ಗೋಡೆಗೆ ಮುತ್ತು ಕೊಡ್ತಾ ಇದೆ."

ಸದಸ್ಯರೆಲ್ಲ ನಕ್ಕರು, ನಕ್ಕು ತಲೆಯಾಡಿಸಿದರು. ಟೈಲರಮ್ಮ ಒಬ್ಬಳು ನಗಲೂ ಇಲ್ಲ, ತಲೆಯಾಡಿಸಲೂ ಇಲ್ಲ.

ಅವಳು ತನ್ನ ಮನೆಯ ಮುಂಕೋಣೆಯಲ್ಲಿ ಎರಡು ಹೊಲಿಗೆ ಮಷಿನ್ ಇಟ್ಟುಕೊಂಡು ಊರಿನ ಹೆಂಗಸರಿಗೆಲ್ಲ ಬಟ್ಟೆ ಹೊಲಿದುಕೊಡುತ್ತಿದ್ದವಳು. ಸಭೆಗೆ ಬರುವಾಗಲೂ ಕೊರಳಲ್ಲಿ ಅಳತೆ ಟೇಪು ತೂಗುತ್ತಿರುತ್ತಿತ್ತು, ತೆಗೆದಿಡಲು ಮರೆಯುತ್ತಿದ್ದಳು. ಸದಸ್ಯೆಯಾಗಿ ಬಂದಾಗಿನಿಂದ ಬೀದಿದೀಪದ ಬಗ್ಗೆ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ತೆರೆದವಳಲ್ಲ. ಇವತ್ತು ಎದ್ದು ನಿಂತಳು.

"ಬೇಡ ಮೇಷ್ಟ್ರೆ. ಕೆಡವೋದು ಬೇಡ."

"ಯಾಕಮ್ಮ? ಈಗ ಅಲ್ಲಿ ಯಾರು ಒಗೀತಾರೆ?"

"ಯಾರೂ ಒಗಿಯಲ್ಲ. ಆದ್ರೂ ಒಂದ್ಸಲ ಹೋಗಿ ಆ ಕಲ್ಲುಗಳನ್ನ ನೋಡಿ. ನಡು ಮಧ್ಯೆ ತಟ್ಟೆ ಹಾಗೆ ತಗ್ಗಾಗಿದೆ. ನಮ್ಮಮ್ಮ, ನಿಮ್ಮಮ್ಮ, ಇವರಮ್ಮ ಎಲ್ಲರೂ ಸೇರಿ ಸವೆಸಿದ್ದು ಅದು. ಈ ಊರಲ್ಲಿ ನಮ್ಮ ಹೆಂಗಸರ ಗುರುತು ಅಂತ ಬೇರೆ ಏನಿದೆ ಹೇಳಿ? ಒಂದು ಬೀದಿಗಾದ್ರೂ ಅವರ ಹೆಸರಿದೆಯಾ?"

ಮೇಷ್ಟ್ರು ಸ್ವಲ್ಪ ಹೊತ್ತು ಮೇಜಿನ ಮೇಲೆ ಬೆರಳು ಕುಟ್ಟಿದರು.

"ಸರಿ. ಅಲ್ಲಿ ಒಗೆದವರೇ ಬಂದು ಹೇಳ್ಲಿ. ಮುಂದಿನ ಸಭೆಗೆ ಅವರನ್ನ ಕರ್ಕೊಂಡು ಬಾ. ಉಳಿಸಿ ಅಂದ್ರೆ ಉಳಿಸೋಣ. ಆದ್ರೆ ಊರೇ ಕೈ ಹಾಕ್ಬೇಕು. ಪಂಚಾಯಿತಿಯಿಂದ ಮರ, ಸುಣ್ಣ, ಗಾರೆಯವನು, ಅಷ್ಟೇ. ಉಳಿದದ್ದು ನಿಮ್ಮ ರೆಟ್ಟೆ."

ಮೊದಲು ಯಾರ ಮನೆಗೆ ಹೋಗಬೇಕು ಎಂದು ಟೈಲರಮ್ಮ ಯೋಚಿಸಬೇಕಾಗಿಯೇ ಇರಲಿಲ್ಲ. ಅವಳಿಗೆ ಒಗೆಕಟ್ಟೆ ಎಂದರೆ ಅತ್ತಿಗೆ.

ಅವಳ ಅಣ್ಣ ಬಸ್ ಕಂಡಕ್ಟರ್ ಆಗಿದ್ದವನು. ಅವನು ಮದುವೆಯಾಗಿ ಅತ್ತಿಗೆಯನ್ನು ಮನೆಗೆ ಕರೆತಂದಾಗ ಇವಳಿಗಿನ್ನೂ ತನ್ನ ಜಡೆ ತಾನು ಹೆಣೆದುಕೊಳ್ಳಲು ಬರುತ್ತಿರಲಿಲ್ಲ. ಅಪ್ಪನ ಮುಖ ನೆನಪಿಲ್ಲ. ಅಮ್ಮನದು ಮಾತು ಕಡಿಮೆ, ಕೆಲಸ ಜಾಸ್ತಿ. ಮಗಳನ್ನು ಮುದ್ದು ಮಾಡಲು ಆಕೆಗೆ ಪುರಸೊತ್ತೇ ಇರಲಿಲ್ಲ. ಆ ಕೊರತೆಯನ್ನೆಲ್ಲ ತುಂಬಿದವರು ಅತ್ತಿಗೆ. ತಲೆ ಬಾಚಿದವರು ಅವರು, ಗುಂಡಿ ಹೊಲಿಯಲು ಕಲಿಸಿದವರು ಅವರು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದವರು ಅವರು.

ಬೆಳಗಾದರೆ ಅತ್ತಿಗೆ ತಲೆಯ ಮೇಲೆ ಬಟ್ಟೆ ಗಂಟು ಹೊತ್ತು ಇಳಿಜಾರು ಇಳಿಯುತ್ತಿದ್ದರು. ಹಿಂದೆಯೇ ಸೋಪಿನ ಡಬ್ಬಿ ಹಿಡಿದು ಇವಳು. ಹತ್ತಿರವಾದಂತೆ ಒಗೆತದ ಸದ್ದು ಕೇಳಿಸುತ್ತಿತ್ತು. ಒಬ್ಬರದು ಒಂದು ಲಯವಾದರೆ ಇನ್ನೊಬ್ಬರದು ಬೇರೆಯೇ. ಎಲ್ಲ ಸೇರಿ ಊರಿಗೆ ಊರೇ ಏನನ್ನೋ ಕುಟ್ಟುತ್ತಿರುವ ಹಾಗೆ. ತೊಟ್ಟಿ ತುಂಬಿ ಹೆಚ್ಚಾದ ನೀರು ಒಂದು ಕಿರುಗಾಲುವೆಯಲ್ಲಿ ಹರಿದುಹೋಗುತ್ತಿತ್ತು. ಅದರೊಳಗೆ ಕಾಲಿಳಿಬಿಟ್ಟು ಕೂತರೆ ನೊರೆ ಬಂದು ಮಂಡಿಗೆ ಮುತ್ತಿಕೊಳ್ಳುತ್ತಿತ್ತು. ಕಾಲುಬೆರಳ ಸಂದಿಯಲ್ಲಿ ಕಚಗುಳಿ. ಸೋಪಿನ ಜೊತೆ ಒದ್ದೆ ಕಲ್ಲಿನ ವಾಸನೆ. ಹೆಂಗಸರು ತಂತಮ್ಮ ಗಂಡಂದಿರ ಸುದ್ದಿ ಆಡಿಕೊಂಡು ನಗುತ್ತಿದ್ದರು. ಇವಳು ಹತ್ತಿರ ಬಂದ ಕೂಡಲೇ ಮಾತು ತಟ್ಟನೆ ಬದನೆಕಾಯಿಯ ಬೆಲೆಗೆ ಹೊರಳುತ್ತಿತ್ತು. ಬದನೆಕಾಯಿಗೆ ಅಷ್ಟೊಂದು ನಗುವಂಥದ್ದೇನಿದೆ ಎಂಬುದು ಅವಳಿಗೆ ಬಹಳ ವರ್ಷ ಅರ್ಥವಾಗಿರಲಿಲ್ಲ.

ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಹಾಸಿಗೆ ಹೊದಿಕೆ ಹಿಂಡುವ ಆಟ. ಒಂದು ತುದಿ ಅತ್ತಿಗೆಯದು, ಇನ್ನೊಂದು ತುದಿ ಇವಳದು. ಅತ್ತಿಗೆ ತಿರುಚುತ್ತ ಹೋದಂತೆ ಬಟ್ಟೆ ಹಗ್ಗವಾಗಿ, ಹಗ್ಗ ಹಾವಾಗಿ, ಕೊನೆಗೆ ಇವಳನ್ನೇ ಎಳೆದುಕೊಂಡು ಹೋಗುತ್ತಿತ್ತು. "ಬಿಡ್ಬೇಡ ಗುಬ್ಬಿ, ಬಿಡ್ಬೇಡ!" ಎಂದು ಅತ್ತಿಗೆ ನಗುತ್ತ ಕೂಗುತ್ತಿದ್ದರು. ಆಮೇಲೆ ಬೇಲಿಯ ಮೇಲೆ ಅಣ್ಣನ ಖಾಕಿ ಅಂಗಿಗಳು ತೋಳು ಚಾಚಿಕೊಂಡು ಮಲಗುತ್ತಿದ್ದವು.

ಅತ್ತಿಗೆ ಈಗ ಇರುವುದು ಪಕ್ಕದ ಬೀದಿಯಲ್ಲಿ, ಮಗಳ ಮನೆಯಲ್ಲಿ. ಅಣ್ಣ ಹೋಗಿ ಕೆಲವು ವರ್ಷವಾಯಿತು. ಟೈಲರಮ್ಮ ಹೋದಾಗ ಅವರು ಹಿತ್ತಲ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಕಾಫಿ ಲೋಟ ಹಿಡಿದು, ವಾಷಿಂಗ್ ಮಷಿನ್ನಿನ ಗಾಜಿನ ಬಾಗಿಲನ್ನೇ ನೋಡುತ್ತ ಕೂತಿದ್ದರು. ಒಳಗೆ ಬಟ್ಟೆಗಳು ಉರುಳುತ್ತಿದ್ದವು.

"ಬಾ ಗುಬ್ಬಿ. ಸ್ಟೂಲ್ ಎಳ್ಕೋ. ಈಗ ಹಿಂಡೋದು ಶುರುವಾಗುತ್ತೆ, ಅದೇ ಚಂದ."

ಗುಬ್ಬಿಗೆ ಈಗ ಸ್ಟೂಲಿನ ಮೇಲೆ ಕೂರುವುದೇ ಒಂದು ಸಾಹಸ. ಆದರೂ ಕೂತಳು.

"ಟಿವಿ ನೋಡೋ ಹಾಗೆ ನೋಡ್ತೀರಲ್ಲ ಅತ್ತಿಗೆ."

"ಟಿವಿಯಲ್ಲಿ ಏನಿದೆ? ಇದು ದುಡೀತಾ ಇರುತ್ತೆ, ನಾನು ಕೂತಿರ್ತೀನಿ. ಇದಕ್ಕಿಂತ ಒಳ್ಳೆ ಸೀರಿಯಲ್ ಬೇಕಾ?"

ಟೈಲರಮ್ಮ ಸಭೆಯ ವಿಷಯ ಹೇಳಿದಳು. ಒಗೆಕಟ್ಟೆ ಕೆಡವುತ್ತಾರಂತೆ ಎಂದು ಹೇಳಿ ಅತ್ತಿಗೆಯ ಮುಖ ನೋಡಿದಳು.

"ಒಳ್ಳೇದಾಯ್ತು," ಎಂದರು ಅತ್ತಿಗೆ.

"ಅತ್ತಿಗೆ!"

"ಏನೇ ಅತ್ತಿಗೆ? ಕೆಡವ್ಲಿ. ಅದರ ಮೇಲೆ ಬಸ್ಸು ನಿಲ್ಲಿಸ್ಲಿ."

"ನಾವೆಲ್ಲ ಎಷ್ಟು ಖುಷಿಯಾಗಿದ್ವಿ ಅಲ್ಲಿ..."

"ನೀನಿದ್ದೆ." ಅತ್ತಿಗೆ ಲೋಟ ಕೆಳಗಿಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ನೀರಲ್ಲಿ ಕಾಲು ಬಿಟ್ಕೊಂಡು ಕೂತಿರ್ತಿದ್ದೆ. ನಾನು ಬಗ್ಗಿರ್ತಿದ್ದೆ. ಒಂದೇ ಜಾಗ, ನಿಜ. ಆದ್ರೆ ನೀನು ನೋಡಿದ್ದು ಬೇರೆ, ನಾನು ನೋಡಿದ್ದು ಬೇರೆ."

ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಹರಡಿ ನೋಡಿಕೊಂಡರು. ಬೆರಳ ಗೆಣ್ಣುಗಳು ಊದಿ ಗಂಟುಗಂಟಾಗಿದ್ದವು.

"ಚಳಿಗಾಲದಲ್ಲಿ ಬೆರಳು ಒಡೆದು ರಕ್ತ ಬರ್ತಿತ್ತು. ನಿಮ್ಮಣ್ಣನ ಬಿಳಿ ಬನಿಯನ್ನಿಗೆ ಕಲೆ ಆಗುತ್ತೆ ಅಂತ ಅದನ್ನ ಮೊದಲೇ ಒಗೆದುಬಿಡ್ತಿದ್ದೆ. ಹೋಗ್ಲಿ, ಅದು ಎಲ್ಲರಿಗೂ ಇದ್ದದ್ದೇ. ನಮ್ಮಪ್ಪ ಹೋದ ಸುದ್ದಿ ಬಂದಿದ್ದು ಎಲ್ಲಿಗೆ ಗೊತ್ತಾ ನಿನಗೆ?"

ಟೈಲರಮ್ಮನಿಗೆ ಗೊತ್ತಿರಲಿಲ್ಲ.

"ಒಗೆಕಟ್ಟೆಗೇ ಬಂತು. ನಮ್ಮೂರಿಂದ ಒಬ್ಬರು ಓಡಿ ಬಂದು ಹೇಳಿದ್ರು. ನಿಮ್ಮಮ್ಮ ಪಕ್ಕದ ಕಲ್ಲಲ್ಲೇ ಇದ್ರು. ಒಂದು ಗಳಿಗೆ ಸುಮ್ಮನಿದ್ದು, 'ನೆನೆಸಿರೋದು ಮುಗಿಸಿ ಹೋಗು, ಹಾಗೇ ಬಿಟ್ರೆ ಮುಗ್ಗಲು ವಾಸನೆ ಬರುತ್ತೆ' ಅಂದ್ರು. ಮುಗಿಸಿದೆ. ಹಿಂಡಿ ಒಣಗಿಸಿ ಹೋದೆ. ನಾನು ಹೋಗೋಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಖ ನೋಡೋಕೆ ಸಿಗ್ಲಿಲ್ಲ."

ಮಷಿನ್ನು ಜೋರಾಗಿ ಗಿರಗಿರ ತಿರುಗತೊಡಗಿತು. ಅದು ನಿಲ್ಲುವವರೆಗೆ ಅತ್ತಿಗೆ ಗಾಜಿನ ಬಾಗಿಲನ್ನೇ ನೋಡಿದರು.

"ನಿಮ್ಮಮ್ಮನ್ನ ದೂರೋಕೆ ಹೇಳಿದ್ದಲ್ಲ," ಎಂದರು ಅತ್ತಿಗೆ ಕೊನೆಗೆ. "ಅವರಿಗೂ ಯಾರೋ ಹಾಗೇ ಹೇಳಿರ್ತಾರೆ. ಆ ಕಲ್ಲು ಕಂಡ್ರೆ ನನಗೆ ಇದೇ ನೆನಪು. ಕೆಡವೋದು ಬೇಡ ಅಂತ ನಾನು ಹೇಗೆ ಹೇಳ್ಲಿ?"

ಟೈಲರಮ್ಮ ಮನೆಗೆ ಬಂದು ಮಷಿನ್ನಿನ ಮುಂದೆ ಕೂತಳು. ಅವತ್ತು ಹೊಲಿದ ರವಿಕೆಯ ಎಡತೋಳನ್ನು ಬಲಕ್ಕೆ ಕೂರಿಸಿಬಿಟ್ಟಿದ್ದಳು, ಬಿಚ್ಚುತ್ತ ಕೂರಬೇಕಾಯಿತು. ಎಳೆ ಬಿಚ್ಚುತ್ತ ಆ ಒಂದು ದಿನವನ್ನು ನೆನಪಿನಲ್ಲಿ ಹುಡುಕಿದಳು. ತಾನು ಅವತ್ತೂ ಅಲ್ಲೇ ಇದ್ದಿರಬೇಕು, ನೀರಲ್ಲಿ ಕಾಲು ಬಿಟ್ಟುಕೊಂಡು. ಎಷ್ಟು ಕೆದಕಿದರೂ ಸಿಗಲಿಲ್ಲ. ನೊರೆ, ನಗು, ಬೇಲಿಯ ಮೇಲಿನ ಅಂಗಿಗಳು ಇವೇ ಮತ್ತೆ ಮತ್ತೆ ಬಂದವು. ಅವಳ ಬಾಲ್ಯದ ಆ ಬೆಳಗುಗಳಲ್ಲಿ ಅತ್ತಿಗೆಯ ಅಪ್ಪ ಸತ್ತ ಬೆಳಗು ಇರಲೇ ಇಲ್ಲ.

ಹಿಡಿದ ಕೆಲಸ ಬಿಡುವಂತಿರಲಿಲ್ಲ. ಉಳಿದ ಮನೆಗಳಿಗೂ ಹೋಗಿ ಬಂದಳು. ಒಬ್ಬಾಕೆ ಕಣ್ಣೊರೆಸಿಕೊಂಡು ಬರುತ್ತೇನೆ ಎಂದಳು. ಇನ್ನೊಬ್ಬಾಕೆ, "ಅಲ್ಲಿ ನನ್ನ ಹೊಸ ಬಕೆಟ್ ಕದ್ದಿದ್ರು, ಅದು ಸಿಗುತ್ತಾ ಈಗ?" ಎಂದು ಕೇಳಿದಳು. ಊರಿಗೆಲ್ಲ ರೇಡಿಯೋ ಅಜ್ಜಿ ಎಂದೇ ಹೆಸರಾದ, ಒಮ್ಮೆ ಶುರುವಾದರೆ ನಿಲ್ಲದ ಮುದುಕಿಯೊಬ್ಬಳಿದ್ದಳು. ಅವಳು ಮಾತ್ರ ಕುಣಿದಳು. "ನನ್ನ ಜೀವನದ ಅರ್ಧ ಮಾತು ಅಲ್ಲೇ ಬಿದ್ದಿದೆ ಕಣೆ! ಬಿಡ್ತೀನಾ?"

ಸಭೆಯ ದಿನ ಹಾಕಿದ್ದ ಕುರ್ಚಿ ಸಾಲಲಿಲ್ಲ. ಸದಸ್ಯರು ಎದ್ದು ಹೆಂಗಸರಿಗೆ ಜಾಗ ಬಿಟ್ಟುಕೊಟ್ಟು ಗೋಡೆಗೆ ಒರಗಿದರು. ಎಲ್ಲರಿಗಿಂತ ಕೊನೆಗೆ, ಕೋಲೂರಿಕೊಂಡು, ಅತ್ತಿಗೆ ಬಂದರು. ಅವರು ಯಾರ ಕಡೆಗೂ ನೋಡದೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು.

ರೇಡಿಯೋ ಅಜ್ಜಿ ಎದ್ದು ನಿಂತು ತೊಟ್ಟಿಯ ಕಲ್ಲು ಎಲ್ಲಿಂದ ಬಂತು, ಯಾವ ಕಲ್ಲು ಯಾರದು, ಯಾರಿಗೂ ಯಾರಿಗೂ ಜಗಳ ಎಲ್ಲವನ್ನೂ ಹೇಳಿ, ಉಳಿಸಲೇಬೇಕು ಎಂದು ಮುಗಿಸಿದಳು. ಮತ್ತಿಬ್ಬರು ಹೌದು ಹೌದು ಎಂದರು. ಹಾಲಿನ ಡೈರಿಯ ಸೆಕ್ರೆಟರಿ ಸದಸ್ಯರಲ್ಲೊಬ್ಬರು. ಅವರಿಗೆ ಹುರುಪು ಬಂತು.

"ಗೋಡೆ ಮೇಲೆ ದೊಡ್ಡ ಚಿತ್ರ ಬರೆಸೋಣ. ಸಾಲಾಗಿ ಹೆಂಗಸರು, ನಗ್ತಾ ನಗ್ತಾ ಬಟ್ಟೆ ಒಗೀತಿರೋದು. ಬಸ್ಸಲ್ಲಿ ಬಂದವರು ಇಳಿದು ಫೋಟೋ ತೆಗೆಸ್ಕೊಂಡು ಹೋಗ್ತಾರೆ."

"ನಾನೊಂದು ಮಾತು ಹೇಳ್ಲಾ ಮೇಷ್ಟ್ರೆ?" ಎಂದರು ಅತ್ತಿಗೆ ಕೂತಲ್ಲಿಂದಲೇ.

"ಹೇಳಿ, ಹೇಳಿ."

"ನಾವು ಅಲ್ಲಿ ನಗಲೇ ಇಲ್ಲ ಅಂತ ಹೇಳಲ್ಲ. ನಗ್ತಿದ್ವಿ. ಬಗ್ಗಿಕೊಂಡು ನಗ್ತಿದ್ವಿ. ಚಿತ್ರದಲ್ಲಿ ಸೊಂಟ ನೆಟ್ಟಗೆ ಮಾಡ್ಕೊಂಡು ನಿಂತಿರ್ತಾಳಲ್ಲ, ಅವಳು ಯಾವೂರವಳೋ ನನಗೆ ಗೊತ್ತಿಲ್ಲ."

ಸಭೆ ತಣ್ಣಗಾಯಿತು. ರೇಡಿಯೋ ಕೂಡ ಬಂದ್ ಆಯಿತು.

"ಹಾಗಾದ್ರೆ ಕೆಡವೋದಾ?" ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು. ಅವರಿಗೆ ಮೆಲ್ಲಗೆ ಮಾತಾಡಲೂ ಬರುತ್ತದೆ ಎಂದು ಊರಿಗೆ ಗೊತ್ತಾದದ್ದು ಅವತ್ತೇ.

"ಕೆಡವಿದ್ರೆ ನನಗೇನೂ ಬೇಜಾರಿಲ್ಲ. ಮೊನ್ನೆ ಇವಳಿಗೂ ಅದೇ ಹೇಳಿದೆ." ಅತ್ತಿಗೆ ಟೈಲರಮ್ಮನ ಕಡೆ ಕೈ ತೋರಿಸಿದರು. "ಆದ್ರೆ ಇವಳು ಹೋದ ಮೇಲೆ ಯೋಚನೆ ಬಂತು. ಅಲ್ಲಿ ಬಸ್ಸು ನಿಲ್ಲಿಸಿದ್ರೆ, ನಾವು ಹಾಗೆ ಬಗ್ಗಿದ್ವಿ ಅನ್ನೋದಾದ್ರೂ ಯಾರಿಗೆ ಗೊತ್ತಾಗುತ್ತೆ? ಮೊಮ್ಮಗಳಿಗೆ ಹೇಳಿದ್ರೆ, 'ಯಾಕಜ್ಜಿ, ಸ್ವಿಚ್ ಹಾಕಿದ್ರೆ ಆಗ್ತಿರ್ಲಿಲ್ವಾ' ಅಂತಾಳೆ. ಕಲ್ಲು ಇದ್ರೆ ಕರ್ಕೊಂಡು ಹೋಗಿ ತೋರಿಸಬಹುದು. ಅದಕ್ಕೆ, ಇಡೋದಾದ್ರೆ ಇಡಿ. ಚಿತ್ರಗಿತ್ರ ಬೇಡ. ಆ ಗೋಡೆ ಉದ್ದಕ್ಕೂ ಒಂದು ಜಗಲಿ ಕಟ್ಟಿ."

"ಜಗಲಿನಾ?"

"ಕೂರೋಕೆ. ಅಷ್ಟು ವರ್ಷ ಅಲ್ಲಿ ದುಡಿದೆ ಮೇಷ್ಟ್ರೆ, ಒಂದು ದಿನ ಕೂತಿಲ್ಲ. ಕೂರೋಕೆ ಜಾಗಾನೇ ಇರ್ಲಿಲ್ಲ. ಅದನ್ನ ಕಟ್ಟಿಸಿದ ಮಹಾನುಭಾವರಿಗೆ ನೀರು ನೆನಪಾಯ್ತು, ಕಲ್ಲು ನೆನಪಾಯ್ತು, ಕೊಳೆ ನೀರು ಹೋಗೋಕೆ ದಾರಿ ನೆನಪಾಯ್ತು. ಒಗೆಯೋಳಿಗೆ ಸುಸ್ತಾಗುತ್ತೆ ಅನ್ನೋದು ಮಾತ್ರ ನೆನಪಾಗ್ಲಿಲ್ಲ."

ಹೆಂಗಸರ ನಡುವೆ ಒಂದು ಸಣ್ಣ ಗುಜುಗುಜು ಎದ್ದಿತು. ನಿಜ ಕಣೆ, ಕೂತಿದ್ದು ನೆನಪೇ ಇಲ್ಲ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿಕೊಂಡರು. ಮೇಷ್ಟ್ರು ಎದ್ದು ನಿಂತು ಹಳೆಯ ಗಂಟಲಿಗೆ ಮರಳಿದರು.

"ಆಯ್ತು! ಜಗಲಿ! ಬಸ್ಸಿಗೆ ನಮ್ಮ ಪಂಚಾಯಿತಿ ಕಾಂಪೌಂಡಿನ ಮೂಲೆ ಒಡೆದು ಜಾಗ ಕೊಡೋಣ. ನನ್ನ ಸ್ಕೂಟರ್ ಹೊರಗೆ ನಿಲ್ಲಲಿ!"

ಹಾಗೆ ಕೆಲಸ ಶುರುವಾಯಿತು. ವಾರದ ರಜೆಯ ದಿನಗಳಲ್ಲಿ ಊರಿನವರು ಇಳಿಜಾರಿಗೆ ಬರತೊಡಗಿದರು. ಮೊದಮೊದಲು ನೋಡಲು ಬಂದವರೇ ಜಾಸ್ತಿ. ಮೇಷ್ಟ್ರು ಕೊರಳಿಗೆ ಸೀಟಿ ಹಾಕಿಕೊಂಡು ಬಂದು, ನೋಡುತ್ತ ನಿಂತವರ ಹಿಂದೆ ಹೋಗಿ ಊದುತ್ತಿದ್ದರು. ಅವರ ಕೈಯಲ್ಲಿ ಶಾಲೆಯ ಮೈದಾನ ಸುತ್ತಿದವರೇ ಎಲ್ಲರೂ. ಸೀಟಿ ಕೇಳಿದೊಡನೆ, ತಲೆ ನರೆತವರು ಕೂಡ, ಯೋಚಿಸದೆ ಸಾಲಿಗೆ ಸೇರಿಬಿಡುತ್ತಿದ್ದರು.

ಮುರಿದ ಹಂಚುಗಳಿಗೆ ಬದಲಿ ಎಲ್ಲಿ ತರುವುದೆಂಬುದು ಚಿಂತೆಯಾಗಿತ್ತು. ಆ ನಮೂನೆಯ ಹಂಚು ಈಗ ಯಾರೂ ಸುಡುವುದಿಲ್ಲ. ಆಗ ಗಾರೆಯವನು, "ಈ ಊರಲ್ಲಿ ಹಳೆ ಹಂಚು ಬಿಸಾಡಿದವರು ಯಾರಿದ್ದಾರೆ? ಎಲ್ಲರ ಹಿತ್ತಲಲ್ಲೂ ಇರುತ್ತೆ, ನೋಡ್ಕೊಳ್ಳಿ," ಎಂದ. ನಿಜವೇ ಆಗಿತ್ತು. ಒಬ್ಬರ ಕೋಳಿಗೂಡಿನ ಮೇಲಿಂದ, ಒಬ್ಬರ ಸೌದೆಯ ಅಡಿಯಿಂದ, ಒಬ್ಬರ ಗುಲಾಬಿ ಗಿಡದ ಪಾತಿಯ ಸುತ್ತಲಿಂದ ಹಂಚುಗಳು ಎದ್ದು ಬಂದವು. ಕೈಯಿಂದ ಕೈಗೆ ಹಂಚು ಸಾಗಿಸುವಾಗ ಒಂದೊಂದು ಹಂಚಿಗೂ ಒಂದೊಂದು ಕಥೆ. ಇದು ನಮ್ಮ ಅಜ್ಜನ ಮನೆಯದು, ಇದು ನಮ್ಮ ಹಳೆ ಅಡುಗೆಮನೆಯದು, ಇದರ ಕೆಳಗೇ ನಾನು ಹುಟ್ಟಿದ್ದು. ಮಾತಿನಲ್ಲಿ ಕೈ ನಿಂತರೆ ಸೀಟಿ.

ಗುಡ್ಡದ ಕಾಲುವೆಯನ್ನು ಬಿಡಿಸಲು ಹೆಚ್ಚು ಹೊತ್ತು ಹಿಡಿಯಿತು. ಮರದ ಬೇರೊಂದು ಕಲ್ಲುಗಳ ನಡುವೆ ಮಲಗಿ ನೀರನ್ನು ಬೇರೆ ಕಡೆಗೆ ತಿರುಗಿಸಿಬಿಟ್ಟಿತ್ತು. ಬೇರು ಕಡಿದು ಕಲ್ಲು ಕೂರಿಸಿದ ಬೆಳಿಗ್ಗೆ ಎಲ್ಲರೂ ತೊಟ್ಟಿಯ ಸುತ್ತ ನಿಂತರು. ಮೊದಲು ಬಂದದ್ದು ಗಾಳಿಯ ಕೊರಕೊರ ಸದ್ದು. ಆಮೇಲೆ ಎಲೆ, ಕೆಸರು, ಒಂದು ಕಪ್ಪೆ. ಕಪ್ಪೆಗೂ ಚಪ್ಪಾಳೆ ಬಿತ್ತು. ಅದರ ಹಿಂದೆ ನೀರು ಬಂತು. ಕೆಂಪಾಗಿ, ಕಂದಾಗಿ, ನೋಡುತ್ತ ನೋಡುತ್ತ ತಿಳಿಯಾಗಿ.

ತೊಟ್ಟಿಯ ಹೂಳನ್ನು ಗಾರೆಯವನು ಮರಳು ಜರಡಿಯಲ್ಲಿ ಹಾಕಿ ಜಾಲಿಸಿದಾಗ ಸಿಕ್ಕಿದ್ದು ಗುಂಡಿಗಳು. ಬಿಳಿ, ಕಪ್ಪು, ಚಿಪ್ಪಿನವು, ಹಿತ್ತಾಳೆಯವು, ಮಕ್ಕಳ ಅಂಗಿಯ ಹೂವಿನಾಕಾರದವು. ಜೊತೆಗೆ ತುಕ್ಕು ಹಿಡಿದ ಪಿನ್ನುಗಳು, ಹುಕ್ಕುಗಳು, ಒಂದು ಆಟದ ಚಕ್ರ. ಟೈಲರಮ್ಮ ಅವನ್ನೆಲ್ಲ ತೊಳೆದು ಒಂದು ಅಗಲವಾದ ತಟ್ಟೆಯಲ್ಲಿ ಹರಡಿದಳು. ಊರಿಗೆ ಊರೇ ತಟ್ಟೆಯ ಮೇಲೆ ಬಗ್ಗಿತು. "ಇದು ನನ್ನ ಶಾಲೆ ಅಂಗೀದು, ಅಮ್ಮ ಹೊಡೆದಿದ್ಲು ಇದಕ್ಕೆ!" "ಈ ಕಪ್ಪು ಗುಂಡಿ ನಮ್ಮ ಯಜಮಾನರ ಕೋಟಿಂದೇ, ಮದುವೆ ಕೋಟು!" ಎರಡು ಮನೆಯವರು ಒಂದೇ ಗುಂಡಿಗೆ ಜಗಳ ಹಿಡಿದರು. ಡೈರಿ ಸೆಕ್ರೆಟರಿಯ ಕಣ್ಣು ಒಂದು ಪುಟ್ಟ ಹಳದಿ ಗುಂಡಿ ನೋಡಿ ತುಂಬಿಕೊಂಡಿತು. ಯಾರದೆಂದು ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಅದನ್ನು ಜೇಬಿಗೆ ಹಾಕಿಕೊಂಡು ಸುಮ್ಮನೆ ಹೋಗಿ ಬುಟ್ಟಿ ಎತ್ತಿದರು.

ಅಷ್ಟರಲ್ಲಿ ಅತ್ತಿಗೆ ಮೊಮ್ಮಗಳ ಕೈ ಹಿಡಿದು ಇಳಿಜಾರು ಇಳಿದು ಬರುತ್ತಿದ್ದರು. ಕೆಲಸ ಶುರುವಾದ ಮೇಲೆ ಅವರು ಈ ಕಡೆ ಬಂದದ್ದು ಇದೇ ಮೊದಲು. ಟೈಲರಮ್ಮ ತಟ್ಟೆಯಿಂದ ಒಂದು ಹಿತ್ತಾಳೆ ಗುಂಡಿ ಆರಿಸಿಕೊಂಡು ಓಡಿದಳು. ಬಸ್ ಕಂಪನಿಯ ಮುದ್ರೆ ಇದ್ದ, ಕಂಡಕ್ಟರ್ ಅಂಗಿಯ ಗುಂಡಿ.

"ಅತ್ತಿಗೆ, ನೋಡಿ! ಅಣ್ಣಂದು!"

ಅತ್ತಿಗೆ ಅದನ್ನು ಅಂಗೈಯಲ್ಲಿಟ್ಟು ಬಿಸಿಲಿಗೆ ಹಿಡಿದರು. ತಿರುಗಿಸಿ ಹಿಂಬದಿ ನೋಡಿದರು. ವಾಪಸ್ ಇವಳ ಕೈಗಿಟ್ಟರು.

"ಅವರದಲ್ಲ. ಬೇರೆ ಯಾವನೋ ಕಂಡಕ್ಟರಂದು."

"ಹೇಗೆ ಹೇಳ್ತೀರಿ? ಎಲ್ಲ ಒಂದೇ ಥರ ಇರುತ್ತಲ್ಲ?"

"ನಿಮ್ಮಣ್ಣನ ಅಂಗಿಯಿಂದ ಒಂದು ಗುಂಡಿ ನಾನು ಕಳೆದಿಲ್ಲ ಕಣೆ," ಎಂದರು ಅತ್ತಿಗೆ. "ಒಂದೂ ಇಲ್ಲ. ಒಗೆಯೋ ಮೊದಲು ಎಲ್ಲ ಗುಂಡಿ ಎಳೆದು ನೋಡ್ತಿದ್ದೆ. ಸಡಿಲ ಇದ್ರೆ ಅಲ್ಲೇ ದಾರ ಹಾಕ್ತಿದ್ದೆ, ಆಮೇಲೆ ನೀರಿಗೆ."

ಆ ಮಾತು ಹೇಳುವಾಗ ಅವರ ಕುತ್ತಿಗೆ ತಾನಾಗಿ ನೆಟ್ಟಗಾಯಿತು. ಟೈಲರಮ್ಮ ಗುಂಡಿಯನ್ನು ತಟ್ಟೆಗೆ ಹಾಕಿದಳು. ಅತ್ತಿಗೆ ಮೊಮ್ಮಗಳನ್ನು ಕರೆದುಕೊಂಡು ನೇರ ತೊಟ್ಟಿಯ ಎಡಬದಿಗೆ, ಗೋಡೆಯ ಕಡೆಯ ಕೊನೆಯ ಕಲ್ಲಿನ ಹತ್ತಿರ ಹೋದರು. "ಇದು ನಂದು," ಎಂದರು. ಮಗು ತಗ್ಗಿನೊಳಗೆ ಕೈ ಇಟ್ಟು ಸವರಿತು. "ನೀನೇ ಮಾಡಿದ್ದಾ ಅಜ್ಜಿ ಈ ಗುಂಡಿ?" "ನಾನೂ ಮಾಡಿದೆ, ನನಗಿಂತ ಮೊದಲಿನವರೂ ಮಾಡಿದ್ರು." ಆಮೇಲೆ ಗಾರೆಯವನ ಕಡೆ ತಿರುಗಿ, ಜಗಲಿ ಎಷ್ಟು ಎತ್ತರ ಇರಬೇಕೆಂದು ಕೋಲಿನಿಂದ ಗೋಡೆ ಮುಟ್ಟಿ ತೋರಿಸಿದರು. ಮಂಡಿ ನೋಯುವವರು ಕೂತರೆ ಏಳಲೂ ಆಗಬೇಕಲ್ಲ.

ಜಗಲಿ ಒಣಗಿದ ಮೇಲೆ ಒಂದು ಸಂಜೆ ಎಲ್ಲರೂ ಸೇರಿದರು. ರಿಬ್ಬನ್ ಬೇಡವೆಂದು ಮೊದಲೇ ತೀರ್ಮಾನವಾಗಿತ್ತು. ಮುದುಕಿಯರು ಒಬ್ಬೊಬ್ಬರಾಗಿ ಬಂದು ಕೂತರು. ರೇಡಿಯೋ ಅಜ್ಜಿ, ಬಕೆಟ್ ಕಳೆದುಕೊಂಡಾಕೆ, ಕಣ್ಣೊರೆಸಿಕೊಂಡಾಕೆ, ಕೊನೆಯಲ್ಲಿ ಅತ್ತಿಗೆ. ಕೂತ ಮೇಲೆ ಏನು ಮಾಡಬೇಕೆಂದು ತೋಚದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರು ಭಾಷಣ ಮಾಡಿ ಮುಗಿಸಿ, ಹೆಗಲ ಟವೆಲ್ಲಿನಿಂದ ಬೆವರೊರೆಸಿಕೊಂಡು, ತಾವೂ ಜಗಲಿಯ ತುದಿಗೆ ಕೂರಲು ಹೋದರು.

"ಮೇಷ್ಟ್ರೆ, ತಡೀರಿ," ಎಂದರು ಅತ್ತಿಗೆ. "ಇದು ಒಗೆದವರ ಜಾಗ. ನೀವು ಏನು ಒಗೆದಿದ್ದೀರಿ?"

ಮೇಷ್ಟ್ರು ಪ್ಯಾಂಟಿನ ಕಾಲು ಮಡಚಿ, ಹೆಗಲ ಟವೆಲ್ ತೆಗೆದು ತೊಟ್ಟಿಯಲ್ಲಿ ಅದ್ದಿ, ಅತ್ತಿಗೆಯ ಕಲ್ಲಿನ ಮುಂದೆ ಬಗ್ಗಿದರು.

"ಸವರಬೇಡಿ, ತಿಕ್ಕಿ!" ರೇಡಿಯೋ ಅಜ್ಜಿ ಕೂಗಿದಳು.

"ಸೊಂಟ ಬಗ್ಗಿಸಿ ಮೇಷ್ಟ್ರೆ! ನಮ್ಮನ್ನ ಎಷ್ಟು ಬಗ್ಗಿಸಿದ್ರಿ ಶಾಲೆಯಲ್ಲಿ!" ಹಿಂದಿನಿಂದ ಯಾರೋ ಕೂಗಿದರು.

"ಇನ್ನೊಂದು ತುದಿ ಬಿಟ್ರಿ ನೋಡಿ, ಅದು ಯಾರು ಒಗೀತಾರೆ?"

ಮೇಷ್ಟ್ರು ಒಗೆದರು. ಹಿಂಡುವಾಗ ನೀರೆಲ್ಲ ತಮ್ಮ ಅಂಗಿಯ ಮೇಲೇ ಹಿಂಡಿಕೊಂಡರು. ನಡು ಹಿಡಿದುಕೊಂಡು ನೆಟ್ಟಗಾಗುವಾಗ ಅವರ ಬಾಯಿಂದ ಹೊರಟ "ಅಮ್ಮಾ" ಎಂಬ ಸದ್ದಿಗೆ ಜಗಲಿಯ ಹೆಂಗಸರು ನಕ್ಕ ನಗು ಬಸ್ ನಿಲ್ದಾಣದವರೆಗೆ ಕೇಳಿಸಿತು. ಅತ್ತಿಗೆ ಪಕ್ಕಕ್ಕೆ ಸರಿದು ಅವರಿಗೆ ಜಾಗ ಕೊಟ್ಟರು.

ಜನ ಕರಗಿದ ಮೇಲೆ ಟೈಲರಮ್ಮ ಬಂದು ಅತ್ತಿಗೆಯ ಪಕ್ಕ ಕೂತಳು. ಹಿಂದಿನ ಗೋಡೆ ಹಗಲಿನ ಬಿಸಿಲು ಹೀರಿ ಇನ್ನೂ ಬೆಚ್ಚಗಿತ್ತು. ಎದುರಿಗೆ ನೀರು ತುಂಬಿ ಹರಿಯುತ್ತಿತ್ತು.

"ಅತ್ತಿಗೆ, ನಿಮ್ಮಪ್ಪ ಹೇಗಿದ್ರು?" ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ ಎಂಬುದು ಕೇಳಿದ ಮೇಲೆ ಹೊಳೆಯಿತು.

ಅತ್ತಿಗೆ ಕೋಲನ್ನು ಗೋಡೆಗೆ ಒರಗಿಸಿದರು.

"ಕುಳ್ಳಗಿದ್ರು. ಸೈಕಲ್ ಶಾಪ್ ಇತ್ತು ಅವರದು. ಯಾವಾಗಲೂ ಕೈಗೆ ಗ್ರೀಸು. ನಾನು ಅಂಗಡಿಯಲ್ಲೇ ಬೆಳೆದಿದ್ದು. ಪಂಕ್ಚರ್ ಹಾಕೋದು, ಚೈನ್ ಕೂರಿಸೋದು, ಎಲ್ಲ ಬರ್ತಿತ್ತು ನನಗೆ. ಚಕ್ರ ಸೊಟ್ಟಗಾಗಿದ್ರೆ ತಿರುಗಿಸಿ ಬಿಟ್ಟು ಸದ್ದಿನ ಮೇಲೇ ಹೇಳ್ತಿದ್ದೆ, ಯಾವ ಕಡ್ಡಿ ಬಿಗಿ ಮಾಡ್ಬೇಕು ಅಂತ."

"ನಿಮಗಾ? ಸೈಕಲ್ ರಿಪೇರಿನಾ?"

"ಹೂಂ ಮತ್ತೆ. ಮದುವೆಯಾಗಿ ಬಂದ ಹೊಸತು. ನಿಮ್ಮಣ್ಣನ ಸೈಕಲ್ ಪಂಕ್ಚರ್ ಆಯ್ತು. ಡಿಪೋವರೆಗೆ ತಳ್ಳಿಕೊಂಡು ಹೋದ್ರು, ಪಾಪ, ಬಿಸಿಲಲ್ಲಿ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಹೊಸ ಸೊಸೆ, ಪಂಕ್ಚರ್ ಹಾಕ್ತೀನಿ ಅಂತ ಹೇಗೆ ಹೇಳೋದು? ನಿಮ್ಮಮ್ಮ ಬೇರೆ ಅಲ್ಲೇ ನಿಂತಿದ್ರು."

"ಅಣ್ಣನಿಗೆ ಕೊನೆಗೂ ಹೇಳಲಿಲ್ವಾ?"

"ಹೇಳಿದೆ. ನನ್ನ ಮಗಳು ಹುಟ್ಟಿದ ಮೇಲೆ. ನಂಬಲಿಲ್ಲ ಅವರು. ಆಮೇಲೆ ಒಂದು ಭಾನುವಾರ..." ಅತ್ತಿಗೆಗೆ ನಗು ಬಂತು. ನಗುವಿನ ನಡುವೆ ಮಾತು ಸಿಕ್ಕಿಹಾಕಿಕೊಂಡಿತು. "ಒಂದು ಭಾನುವಾರ ನಿಮ್ಮಮ್ಮ ಪೇಟೆಗೆ ಹೋಗಿದ್ರು ನೋಡು, ಸೈಕಲ್ ತಲೆಕೆಳಗು ಮಾಡಿ ನಿಲ್ಸಿ ಅಂದೆ..."

ಟೈಲರಮ್ಮ ಅಳತೆ ಟೇಪನ್ನು ಕೊರಳಿಂದ ತೆಗೆದು ಮಡಿಲಲ್ಲಿಟ್ಟುಕೊಂಡು, ಕಾಲು ಮಡಚಿ ಗೋಡೆಗೆ ಒರಗಿದಳು.

"ನಿಧಾನಕ್ಕೆ ಹೇಳಿ ಅತ್ತಿಗೆ. ಮೊದಲಿಂದ ಹೇಳಿ."